ಕೆಲಸದ ಜಾಗದಲ್ಲಿ ಕಿರುಕುಳ: ನಮ್ಮಂಥ ಊರಲ್ಲಿ ಅದನ್ನು ಎದುರಿಸುವ ದಾರಿ

ಲೆಡ್ಜರ್ ಮೇಜಿನ ಮೇಲೆ ಬಿದ್ದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಶಿವಮೊಗ್ಗದ ಒಂದು ಸಗಟು ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಜುಲೈ ತಿಂಗಳು, ಶನಿವಾರ ಸಂಜೆ, ಹೊರಗೆ ಧೋ ಅಂತ ಮಳೆ. ದಿನದ ನಗದಿನಲ್ಲಿ 340 ರೂಪಾಯಿ ಕಡಿಮೆ ಬಂದಿತ್ತು. ಮ್ಯಾನೇಜರ್ ಪುಸ್ತಕ ಎತ್ತಿ ನನ್ನ ಮುಂದೆ ಒಗೆದರು. "ಅನ್ನ ತಿಂತೀಯೋ, ಬೇರೆ ಏನಾದ್ರೂ ತಿಂತೀಯೋ?" ಅಂದರು. ಮೂವರು ಗಿರಾಕಿಗಳು ಛತ್ರಿ ಮಡಚಿಕೊಂಡು ಅಲ್ಲೇ ನಿಂತಿದ್ದರು. ಪಕ್ಕದ ಮೇಜಿನವರು ಕ್ಯಾಲ್ಕುಲೇಟರ್ ಒತ್ತುತ್ತಲೇ ಇದ್ದರು. ಲೆಕ್ಕ ಏನೂ ಇರಲಿಲ್ಲ. ತಲೆ ಎತ್ತಿ ನೋಡಬಾರದು ಅಂತ ಸುಮ್ನೆ ಒತ್ತುತ್ತಿದ್ದರು.

ಸೋಮವಾರ ಆ 340 ರೂಪಾಯಿಯ ವಿಷಯ ಗೊತ್ತಾಯಿತು. ಮ್ಯಾನೇಜರೇ ಆಟೋ ಬಾಡಿಗೆಗೆ ತೆಗೆದುಕೊಂಡಿದ್ದರು, ಚೀಟಿ ಹಾಕಿರಲಿಲ್ಲ. ಶನಿವಾರ ಆಡಿದ ಮಾತು ಮಾತ್ರ ಹಾಗೇ ಉಳಿಯಿತು.

ಅಲ್ಲಿ ನಾನು ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಮೂರನೇ ವರ್ಷ ಒಂದೊಂದೇ ಹೆಜ್ಜೆ ಕಲಿತೆ. ಆಮೇಲೆ ಖಾಸಗಿ ಶಾಲೆಯ ಟೀಚರುಗಳು, ನರ್ಸಿಂಗ್ ಹೋಮ್ ಸಿಸ್ಟರ್‌ಗಳು, ಮಾಚೇನಹಳ್ಳಿ ಕಡೆ ಫ್ಯಾಕ್ಟರಿಗೆ ಹೋಗುವ ಹುಡುಗರು, ಹೀಗೆ ಸುಮಾರು ಜನರ ಜೊತೆ ಕೂತು ಇದೇ ವಿಷಯ ಮಾತಾಡಿದ್ದೇನೆ. ನನಗೆ ಕಂಡಿದ್ದು ಇಷ್ಟು: ಕಾಟ ಕೊಡುವವರ ಬಲವೆಲ್ಲ ಬಾಯಿಮಾತಲ್ಲಿದೆ. "ನಾನು ಹಾಗೆ ಹೇಳೇ ಇಲ್ಲ", "ತಮಾಷೆಗೆ ಅಂದೆ", "ಅವಳೇ ಜಾಸ್ತಿ ಸೂಕ್ಷ್ಮ" ಅಂತ ಅವರು ಜಾರಿಕೊಳ್ಳುವುದು ಬಾಯಿಮಾತಿಗೆ ಗುರುತು ಇರಲ್ಲ ಅನ್ನುವ ಧೈರ್ಯದ ಮೇಲೆ. ಹಾಗಾಗಿ ಬಾಯಲ್ಲಿ ನಡೆಯುತ್ತಿರುವುದನ್ನು ಕಾಗದಕ್ಕೆ ತರಬೇಕು. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಬೆಂಗಳೂರಿನ ದೊಡ್ಡ ಕಂಪನಿಗೆ ಬರೆದ ಸಲಹೆ ನಮ್ಮಲ್ಲಿ ಪೂರ್ತಿ ನಡೆಯುವುದಿಲ್ಲ. ಅಲ್ಲಿ ಎಚ್‌ಆರ್ ಅಂತ ಒಂದು ವಿಭಾಗ ಇರುತ್ತದೆ, ಬೇಜಾರಾದರೆ ಇನ್ನೊಂದು ಕಂಪನಿ ಇರುತ್ತದೆ. ನಮ್ಮಲ್ಲಿ ಮಾಲೀಕರೇ ಎಚ್‌ಆರ್. ಅವರು ನಿಮ್ಮ ಮಾವನ ಷಡ್ಕನೇ ಆಗಿದ್ದರೂ ಆಶ್ಚರ್ಯವಿಲ್ಲ. ದುರ್ಗಿಗುಡಿಯಲ್ಲಿ ಕೆಲಸ ಬಿಟ್ಟವರ ಸುದ್ದಿ ಸಂಜೆಯೊಳಗೆ ಗಾಂಧಿ ಬಜಾರಿಗೆ ಮುಟ್ಟುತ್ತದೆ. ಅದನ್ನು ತಲೆಯಲ್ಲಿ ಇಟ್ಟುಕೊಂಡೇ ಮುಂದೆ ಬರೆಯುತ್ತೇನೆ.

ಹೆಜ್ಜೆ 1: ಇದು ಬೈಗುಳವೋ, ಕಿರುಕುಳವೋ ನೋಡಿ

ಮಾರ್ಚ್ ಕೊನೆಯಲ್ಲಿ ಲೆಕ್ಕ ಮುಗಿಯದಿದ್ದಾಗ ಮ್ಯಾನೇಜರ್ ರೇಗುತ್ತಾರೆ. ಅಡಿಕೆ ಸೀಸನ್‌ನಲ್ಲಿ ಮಂಡಿಯಲ್ಲಿ ಯಾರೂ ಮೆತ್ತಗೆ ಮಾತಾಡುವುದಿಲ್ಲ. ರಾಶಿ ಅಡಿಕೆಯ ಚೀಲಕ್ಕೆ ಗೊರಬಲು ಅನ್ನುವ ಕೆಳದರ್ಜೆಯ ಅಡಿಕೆ ಸೇರಿಸಿಬಿಟ್ಟರೆ ಯಜಮಾನರು ಕೂಗಿಯೇ ಕೂಗುತ್ತಾರೆ. ಕೂಗು ಅಲ್ಲಿಗೆ ಮುಗಿದು, ಸಂಜೆ ಎಲ್ಲರ ಜೊತೆ ನಿಮಗೂ ಕಾಫಿ ಬಂದರೆ ಅದನ್ನು ಕಿರುಕುಳ ಅಂತ ಕರೆಯಬೇಡಿ. ಬೇಜಾರಾಗುತ್ತದೆ, ಆದರೆ ಅದು ಬೇರೆ.

ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಮತ್ತೆ ಮತ್ತೆ ನಡೆಯುತ್ತಿದೆಯಾ? ಅದೇ ತಪ್ಪು ಬೇರೆಯವರು ಮಾಡಿದಾಗ ಸುಮ್ಮನಿದ್ದು, ನೀವು ಮಾಡಿದಾಗ ಮಾತ್ರ ಎಲ್ಲರ ಮುಂದೆ ಎಳೆಯುತ್ತಾರಾ? ಮಾತು ಕೆಲಸ ಬಿಟ್ಟು ನಿಮ್ಮ ಜಾತಿ, ಮೈಬಣ್ಣ, ಊರು, ಇಂಗ್ಲಿಷ್, ಅಪ್ಪ ಅಮ್ಮನ ಕಡೆಗೆ ಹೋಗುತ್ತದಾ? ಈ ಮೂರರಲ್ಲಿ ಎರಡಕ್ಕೆ ಹೌದು ಅಂತ ಬಂದರೆ ನಿಮ್ಮ ಅನುಮಾನ ಸರಿ. ಜಾತಿ ಎತ್ತಿ ಆಡಿದ ಮಾತಿಗೆ, ಹೆಣ್ಣುಮಕ್ಕಳ ಮೈ ಬಗ್ಗೆ ಆಡಿದ ಮಾತಿಗೆ ಲೆಕ್ಕ ಮಾಡುತ್ತಾ ಕೂರಬೇಡಿ. ಅಲ್ಲಿ ಒಂದು ಸಲವೇ ಜಾಸ್ತಿ.

ಎಲ್ಲ ಕಿರುಕುಳವೂ ಸದ್ದು ಮಾಡುವುದಿಲ್ಲ. ಮೀಟಿಂಗ್ ಇದೆ ಅಂತ ನಿಮಗೊಬ್ಬರಿಗೆ ಹೇಳದೆ ಇರುವುದು. ರಾತ್ರಿ ಹತ್ತಕ್ಕೆ ಮೆಸೇಜ್ ಹಾಕಿ ಬೆಳಗ್ಗೆ ಏಳಕ್ಕೆ "ನೋಡಿಲ್ವಾ?" ಅನ್ನುವುದು. ಅಜ್ಜಿ ತೀರಿಕೊಂಡಾಗ ಹೊಸನಗರಕ್ಕೆ ಹೋಗಲು ರಜೆ ಕೇಳಿದರೆ "ಎಷ್ಟು ಅಜ್ಜಿಯರು ನಿಂಗೆ?" ಅನ್ನುವುದು. ಒಂದೊಂದೇ ಎತ್ತಿ ಹೇಳಿದರೆ ಕೇಳುವವರಿಗೆ ಚಿಕ್ಕದು ಅನ್ನಿಸುತ್ತದೆ. ದಿನಾ ಅನುಭವಿಸುವವರಿಗೆ ಅದು ಒಳಗಿಂದಲೇ ತಿನ್ನುವ ಗೆದ್ದಲು.

ಏಕವಚನದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಲೆನಾಡಲ್ಲಿ ಹಿರಿಯರು "ಏನೋ, ಊಟ ಆಯ್ತೇನೋ?" ಅಂದರೆ ಅದರಲ್ಲಿ ಸಲಿಗೆ ಇದೆ, ಪ್ರೀತಿ ಇದೆ. ಅದನ್ನು ತಪ್ಪು ತಿಳಿಯಬೇಡಿ. ಆದರೆ ಗಿರಾಕಿ ಬಂದಾಗ, ಬೇರೆ ಸ್ಟಾಫ್ ಇದ್ದಾಗ, ಉಳಿದವರಿಗೆಲ್ಲ "ಬನ್ನಿ, ಹೋಗಿ" ಅಂದು ನಿಮಗೊಬ್ಬರಿಗೆ "ಏಯ್, ಬಾ ಇಲ್ಲಿ" ಅಂದರೆ ಅದು ಬೇಕಂತಲೇ ಕೆಳಗಿಡುವ ಕೆಲಸ. ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ. ಮೊದಲನೆಯದು ಕೇಳಿದಾಗ ಮೈ ಸಡಿಲ ಆಗುತ್ತದೆ, ಎರಡನೆಯದಕ್ಕೆ ಹೊಟ್ಟೆ ಹಿಡಿದುಕೊಳ್ಳುತ್ತದೆ.

ಹೆಜ್ಜೆ 2: ಒಂದು ನೋಟ್‌ಬುಕ್ ಇಡಿ

ಇದು ಎಲ್ಲಕ್ಕಿಂತ ಮುಖ್ಯ. ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ.

ಹಾಳೆ ಕಿತ್ತರೆ ಗೊತ್ತಾಗುವಂಥ, ಹೊಲಿಗೆ ಹಾಕಿದ ಚಿಕ್ಕ ನೋಟ್‌ಬುಕ್ ತನ್ನಿ. ಪುಟಗಳಿಗೆ ನಂಬರ್ ಹಾಕಿ. ಅದು ಮನೆಯಲ್ಲಿರಲಿ, ಆಫೀಸ್ ಡ್ರಾಯರ್‌ನಲ್ಲಿ ಬೇಡ. ಆಫೀಸ್ ಕಂಪ್ಯೂಟರ್‌ನಲ್ಲಂತೂ ಬೇಡವೇ ಬೇಡ. ಆದ ದಿನವೇ ಬರೆಯಿರಿ. ತಾರೀಖು, ಗಂಟೆ, ಜಾಗ, ಯಾರು ಏನಂದರು, ಯಾರಿದ್ದರು, ನೀವೇನು ಹೇಳಿದಿರಿ, ಕೆಲಸಕ್ಕೆ ಏನು ತೊಂದರೆ ಆಯಿತು. ಅವರ ಮಾತನ್ನು ಅವರು ಆಡಿದ ಹಾಗೇ ಬರೆಯಿರಿ. ಕೆಟ್ಟ ಪದ ಇದ್ದರೆ ಅದನ್ನೂ ಬರೆಯಿರಿ, ನಾಚಿಕೆ ನಿಮ್ಮದಲ್ಲ. "ಅವಮಾನ ಮಾಡಿದರು" ಅಂತ ಬರೆದರೆ ಆರು ತಿಂಗಳ ಮೇಲೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ನನ್ನ ಪುಸ್ತಕದ ಒಂದು ಪುಟ ಹೀಗಿತ್ತು: "ಶನಿವಾರ ಸಂಜೆ 6.50. ಕ್ಯಾಶ್ ಕೌಂಟರ್. 340 ರೂ. ಕಡಿಮೆ ಎಂದು ಲೆಡ್ಜರ್ ಒಗೆದರು. 'ಅನ್ನ ತಿಂತೀಯೋ, ಬೇರೆ ಏನಾದ್ರೂ ತಿಂತೀಯೋ' ಎಂದರು. ಮೂವರು ಗಿರಾಕಿಗಳಿದ್ದರು. ಪಕ್ಕದ ಮೇಜಿನವರು ಇದ್ದರು. ನಾನು 'ಸೋಮವಾರ ನೋಡ್ತೀನಿ ಸರ್' ಎಂದೆ. ಸೋಮವಾರ 10.15ಕ್ಕೆ ಆಟೋ ಬಾಡಿಗೆಯ ಹಣ ಎಂದು ಅವರೇ ಒಪ್ಪಿದರು." ಇಷ್ಟೇ. ಅಳು, ಸಿಟ್ಟು ಯಾವುದೂ ಇಲ್ಲ. ಅದೇ ಅದರ ಬಲ. ಎರಡು ತಿಂಗಳು ಹೀಗೆ ಬರೆದ ಮೇಲೆ ಒಂದು ಭಾನುವಾರ ಕೂತು ಓದಿದೆ. ಶನಿವಾರ ಮತ್ತು ತಿಂಗಳ ಕೊನೆ, ಅದೂ ಹೊರಗಿನವರು ಇದ್ದಾಗಲೇ ಜಾಸ್ತಿ ಆಗುತ್ತಿತ್ತು. ಆ ಭಾನುವಾರದವರೆಗೂ ನನ್ನ ಕೆಲಸವೇ ಸರಿ ಇಲ್ಲ ಅಂದುಕೊಂಡಿದ್ದೆ.

ವಾಟ್ಸ್ಆ್ಯಪ್‌ನಲ್ಲಿ ಬಂದಿದ್ದನ್ನು ಕೂಡಲೇ ಸ್ಕ್ರೀನ್‌ಶಾಟ್ ತೆಗೆಯಿರಿ, ಅವರು ಅಳಿಸಿಬಿಡಬಹುದು. ಹೆಸರು, ತಾರೀಖು, ಗಂಟೆ ಕಾಣುವಂತಿರಲಿ. ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಿ. ಬೆದರಿಕೆ ಕರೆ ರೆಕಾರ್ಡ್ ಆಗಿದ್ದರೆ ಮೂಲ ಫೈಲ್ ಫೋನಿನಲ್ಲೇ ಇರಲಿ, ಕತ್ತರಿಸಬೇಡಿ. ಫೋನ್ ಬದಲಾಯಿಸಿದರೂ ಹಳೆಯದನ್ನು ಮಾರಬೇಡಿ. ವಿಷಯ ಕೋರ್ಟಿಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಡಿಜಿಟಲ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮೂಲ ಫೋನ್ ಕೈಯಲ್ಲಿದ್ದರೆ ಅದು ಸುಲಭ. ಬೇರೆಯವರು ತಮ್ಮತಮ್ಮಲ್ಲಿ ಆಡುವ ಮಾತನ್ನು ಕದ್ದು ರೆಕಾರ್ಡ್ ಮಾಡಬೇಡಿ. ಗಿರಾಕಿಗಳ ಕಾಗದ, ಸಂಸ್ಥೆಯ ಲೆಕ್ಕದ ಫೋಟೋ ಹೊರಗೆ ತರಬೇಡಿ. ಅದನ್ನೇ ಹಿಡಿದು ನಿಮ್ಮ ಮೇಲೆ ಕಳ್ಳತನದ ಆರೋಪ ಹೊರಿಸುತ್ತಾರೆ.

ಹೆಜ್ಜೆ 3: ಒಂದೇ ಒಂದು ವಾಕ್ಯ ಹೇಳಿ

ಎಲ್ಲರ ಮುಂದೆ ಬೈಯುವಾಗ ಎದುರು ಕೂಗಿದರೆ ನಾಳೆ ಊರೆಲ್ಲ ನಿಮ್ಮ ಕೂಗಿನ ಕತೆಯೇ ಓಡಾಡುತ್ತದೆ. ಪೂರ್ತಿ ಸುಮ್ಮನಿದ್ದರೆ ಮುಂದಿನ ವಾರ ಇನ್ನೂ ಜೋರಾಗುತ್ತದೆ. ಮಧ್ಯದಲ್ಲಿ ಒಂದು ದಾರಿ ಇದೆ. ಚಿಕ್ಕ ವಾಕ್ಯ, ತಗ್ಗಿದ ದನಿ, ಕಣ್ಣಲ್ಲಿ ಕಣ್ಣಿಟ್ಟು.

"ಸರ್, ತಪ್ಪಾಗಿದ್ರೆ ತೋರಿಸಿ, ಸರಿ ಮಾಡ್ತೀನಿ. ಬೈದು ಹೇಳ್ಬೇಡಿ."

"ಮೇಡಂ, ಈ ಮಾತು ಒಳಗೆ ಕೂತು ಆಡೋಣ್ವಾ? ಇಲ್ಲಿ ಗಿರಾಕಿಗಳಿದ್ದಾರೆ."

"ಸರ್, ದಯವಿಟ್ಟು ಏಕವಚನ ಬೇಡ."

ಕೊನೆಯದು ಹೇಳುವುದು ತುಂಬಾ ಕಷ್ಟ, ನನಗೆ ಗೊತ್ತು. ನಾನು ಅದನ್ನು ಸವಳಂಗ ರಸ್ತೆಯಲ್ಲಿ ನಡೆದು ಹೋಗುತ್ತಾ ಹತ್ತಾರು ಸಲ ನನಗೇ ಹೇಳಿಕೊಂಡಿದ್ದೆ. ಕನ್ನಡಿ ಮುಂದೆ, ಬಚ್ಚಲಲ್ಲಿ, ಎಲ್ಲಾದರೂ ಸರಿ, ಬಾಯಿಬಿಟ್ಟು ಹೇಳಿ ನೋಡಿ. ಮನಸ್ಸಿನಲ್ಲಿ ಅಂದುಕೊಂಡ ಮಾತು ಸಮಯಕ್ಕೆ ಬಾಯಿಗೆ ಬರುವುದಿಲ್ಲ, ಒಂದು ಸಲ ಬಾಯಿಗೆ ಬಂದ ಮಾತು ಬರುತ್ತದೆ. ಹೇಳಿದ ಮೇಲೆ ವಿವರಣೆ ಕೊಡಬೇಡಿ. ಎಳೆದಷ್ಟೂ ಮಾತು ಸಡಿಲವಾಗುತ್ತದೆ. ಹೇಳಿ, ಕೆಲಸಕ್ಕೆ ಕೂತುಬಿಡಿ.

ಕೈ ಎತ್ತುವ, ಏನಾದರೂ ಎಸೆಯುವ ಜನರ ಮುಂದೆ ಈ ಹೆಜ್ಜೆ ಬೇಡ. ಅಲ್ಲಿಂದ ಮೊದಲು ಹೊರಗೆ ಬನ್ನಿ. ತುರ್ತು ಸಹಾಯದ ನಂಬರ್ 112ಕ್ಕೆ ಕರೆ ಮಾಡಿ.

ಹೆಜ್ಜೆ 4: ಬಾಯಲ್ಲಿ ಹೇಳಿದ್ದನ್ನು ಮೆಸೇಜ್ ಮಾಡಿ

"ಈ ಬಿಲ್ ಹಾಗೇ ಹಾಕು, ನಾನು ನೋಡ್ಕೊಳ್ತೀನಿ" ಅಂದವರು ಆಡಿಟ್ ಬಂದಾಗ "ಯಾರು ಹೇಳಿದ್ದು?" ಅನ್ನುತ್ತಾರೆ. ಅದಕ್ಕೆ ಮದ್ದು, ಹತ್ತು ನಿಮಿಷದೊಳಗೆ ಒಂದು ಮರ್ಯಾದೆಯ ಮೆಸೇಜ್. "ಸರ್, ಈಗ ನೀವು ಹೇಳಿದಂತೆ ಮೂರನೇ ಬಿಲ್ ನಾಳೆಯ ತಾರೀಖಿಗೆ ಹಾಕುತ್ತಿದ್ದೇನೆ. ಬದಲಾವಣೆ ಇದ್ದರೆ ತಿಳಿಸಿ." ಅವರು ಉತ್ತರ ಕೊಡದಿದ್ದರೂ ಪರವಾಗಿಲ್ಲ. ಹೇಳಿದ್ದಕ್ಕೆ ಗುರುತು ಉಳಿಯಿತು.

ಇದನ್ನು ಒಂದು ತಿಂಗಳು ಬಿಡದೆ ಮಾಡಿದೆ. ಮ್ಯಾನೇಜರ್ ಬಾಯಲ್ಲಿ ಏನಾದರೂ ಹೇಳುವ ಮೊದಲು ಒಂದು ಕ್ಷಣ ನಿಲ್ಲಲು ಶುರು ಮಾಡಿದರು. ಬೈಗುಳ ಪೂರ್ತಿ ನಿಲ್ಲಲಿಲ್ಲ, ಆದರೆ ಮಾಡದ ತಪ್ಪು ತಲೆಗೆ ಬರುವುದು ನಿಂತಿತು. ಒಂದೇ ದಿನಕ್ಕೆ ಮೂರು ದಿನದ ಕೆಲಸ ಹೇರುವವರಿಗೂ ಇದೇ ನಡೆಯುತ್ತದೆ. "ಮೇಡಂ, ಕೈಯಲ್ಲಿ ಈಗ ಈ ನಾಲ್ಕು ಕೆಲಸ ಇವೆ. ಯಾವುದು ಮೊದಲು ಮಾಡಲಿ ಅಂತ ಹೇಳಿ." ಆಗುವುದಿಲ್ಲ ಅಂತ ನೀವು ಹೇಳಲಿಲ್ಲ, ಆರಿಸುವ ಭಾರ ಅವರ ಮೇಲೆ ಹೋಯಿತು.

ಹೆಜ್ಜೆ 5: ಜೊತೆಗಾರರೇ ಕಾಟ ಕೊಟ್ಟರೆ

ಮೇಲಿನವರದ್ದು ಕಣ್ಣಿಗೆ ಕಾಣುವ ಕಾಟ. ಜೊತೆಗಾರರದ್ದು ಹೊಗೆಯ ಹಾಗೆ, ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. ನೀವು ಬಂದ ಕೂಡಲೇ ಮಾತು ನಿಲ್ಲುತ್ತದೆ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ನಿಮಗೊಬ್ಬರಿಗೆ ಜಾಗ ಇರುವುದಿಲ್ಲ. ನೀವು ಮಾಡಿದ ಕೆಲಸವನ್ನು ಇನ್ನೊಬ್ಬರು ತಮ್ಮದು ಅಂತ ಒಯ್ದು ತೋರಿಸುತ್ತಾರೆ.

ಗುಂಪನ್ನು ಗುಂಪಾಗಿ ಎದುರಿಸಲು ಹೋಗಬೇಡಿ. ಶುರು ಮಾಡಿದ ಒಬ್ಬರನ್ನು ಒಂಟಿಯಾಗಿ ಸಿಕ್ಕಾಗ ಮಾತಾಡಿಸಿ. "ಅಕ್ಕ, ನನ್ನ ಬಗ್ಗೆ ಏನೋ ಮಾತು ಬಂತಂತೆ. ನನ್ನಿಂದ ತಪ್ಪಾಗಿದ್ರೆ ನನಗೇ ಹೇಳಿ." ಹಿಂದೆ ಆಡಿದ್ದು ಮುಂದೆ ಬಂತು ಅಂತ ಗೊತ್ತಾದಾಗ ಸುಮಾರು ಜನ ಅಲ್ಲಿಗೇ ಬಿಡುತ್ತಾರೆ. ಕೆಲಸ ಕದಿಯುವವರಿಗೆ ಮಾತಿಗಿಂತ ಪದ್ಧತಿ ಮೇಲು. ಮುಗಿಸಿದ ಕೆಲಸವನ್ನು ನೀವೇ ನೇರ ಮೇಲಿನವರಿಗೆ ಕಳಿಸಿ, ಗ್ರೂಪ್‌ನಲ್ಲಿ ಒಂದು ಸಾಲು ಹಾಕಿ.

ನಿಮಗೆ ಒಬ್ಬ ಜೊತೆಗಾರರು ಬೇಕು. ಪಕ್ಷ ಕಟ್ಟಲು ಬೇಡ. ಕಂಡಿದ್ದನ್ನು ಕಂಡೆ ಅನ್ನುವವರು ಒಬ್ಬರಿದ್ದರೆ ಸಾಕು. ನನಗೆ ಹಾಗೆ ಸಿಕ್ಕಿದ್ದು ಗೋಡೌನ್ ನೋಡಿಕೊಳ್ಳುತ್ತಿದ್ದ ವಯಸ್ಸಾದ ಅಣ್ಣ. ಸಾಕ್ಷಿ ಹೇಳಿ ಅಂತ ನಾನು ಕೇಳಿರಲಿಲ್ಲ. ಒಂದು ದಿನ ಅವರೇ ಬಂದು, "ಮೊನ್ನೆ ನಾನೂ ಇದ್ದೆ ಕಣಮ್ಮ, ಬರ್ಕೋ" ಅಂದರು. ನೀವು ಬರಿ ನೋಡುವವರ ಜಾಗದಲ್ಲಿದ್ದರೆ ಇಷ್ಟು ಮಾಡಿ. ಕ್ಯಾಲ್ಕುಲೇಟರ್ ಒತ್ತುವುದು ನಿಲ್ಲಿಸಿ ತಲೆ ಎತ್ತಿ ನೋಡಿ. ಆಮೇಲೆ ಹೋಗಿ ಒಂದು ಲೋಟ ನೀರು ಕೊಡಿ.

ಹೆಜ್ಜೆ 6: ದೂರು ಬರೆಯುವುದು

ಮೊದಲು ಮನೆಯಲ್ಲಿ ಹೊಳೆಯುವ ಉಪಾಯ, "ಚಿಕ್ಕಪ್ಪನಿಗೆ ಹೇಳಿ ಮಾಲೀಕರ ಹತ್ತಿರ ಮಾತಾಡಿಸೋಣ." ಚಿಕ್ಕಪ್ಪನ ಪ್ರೀತಿಗೆ ನನ್ನ ಎರಡು ಮಾತಿಲ್ಲ. ಆದರೆ ನಾನು ನೋಡಿದಂತೆ ಇಂಥ ಮಾತುಕತೆ ಕಾಫಿ ಕುಡಿದು "ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಪುಟ್ಟಿ" ಅನ್ನುವಲ್ಲಿ ಮುಗಿಯುತ್ತದೆ. ಆಮೇಲೆ ನೀವು ದೂರು ಕೊಟ್ಟರೆ ಚಿಕ್ಕಪ್ಪನ ಮಾತು ಮೀರಿದಂತಾಗುತ್ತದೆ. ಕಾಗದ ಮೊದಲು ಹೋಗಲಿ. ಹಿರಿಯರು ಬೇಕಾದರೆ ಆಮೇಲೆ ಬರಲಿ.

ದೂರು ಒಂದು ಪುಟ ದಾಟಬಾರದು. ಮೇಲೆ ತಾರೀಖು, ಯಾರಿಗೆ, ವಿಷಯ. ಕೆಳಗೆ ನೋಟ್‌ಬುಕ್‌ನಿಂದ ಆರಿಸಿದ ನಾಲ್ಕೋ ಐದೋ ಘಟನೆ. ಅವರ ಗುಣ ಕೆಟ್ಟದ್ದು ಅಂತ ಬರೆಯಬೇಡಿ. ಅವರು ಆಡಿದ ಮಾತು, ಆ ದಿನ, ಅಲ್ಲಿದ್ದವರು, ಅಷ್ಟು ಸಾಕು. ಕೊನೆಗೆ ನಿಮಗೇನು ಬೇಕು ಅಂತ ಬಿಡಿಸಿ ಬರೆಯಿರಿ. "ಎಲ್ಲರ ಮುಂದೆ ಬೈಯುವುದು ನಿಲ್ಲಬೇಕು", "ನನ್ನನ್ನು ಬೇರೆ ವಿಭಾಗಕ್ಕೆ ಹಾಕಬೇಕು", "ಹದಿನೈದು ದಿನದೊಳಗೆ ಲಿಖಿತ ಉತ್ತರ ಬೇಕು". "ಸೂಕ್ತ ಕ್ರಮ ಕೈಗೊಳ್ಳಿ" ಅಂತ ಮಾತ್ರ ಬರೆದರೆ ಏನು ಮಾಡಬೇಕು ಅಂತ ಅವರಿಗೂ ತಿಳಿಯುವುದಿಲ್ಲ, ಏನೂ ಮಾಡದಿರಲು ನೆಪವೂ ಸಿಗುತ್ತದೆ.

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸಹಿ, ಸೀಲು, ತಾರೀಖು ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ನೋಟ್‌ಬುಕ್‌ಗೆ ಅಂಟಿಸಿ.

ಸರ್ಕಾರಿ ಕಚೇರಿಯಾದರೆ ಅರ್ಜಿಯನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ಅದನ್ನು ತೆಗೆದುಕೊಂಡಿದ್ದಕ್ಕೆ ಹಾಕುವ ಇನ್‌ವರ್ಡ್ ನಂಬರ್ ಕೇಳಿ ಬರೆದುಕೊಳ್ಳಿ. ಮೇಲಧಿಕಾರಿಯ ಮೇಲೆಯೇ ದೂರು ಇದ್ದರೆ ಅವರ ಮೇಲಿನವರಿಗೆ ನೇರ ಪ್ರತಿ ಹೋಗಲಿ. ನಿಮ್ಮಿಂದ ವಿವರಣೆ ಕೇಳಿ ಮೆಮೊ ಬಂದರೆ ಹೆದರಿ ಕೂರಬೇಡಿ, ಕೊಟ್ಟ ಗಡುವಿನೊಳಗೆ ಲಿಖಿತ ಉತ್ತರ ಕೊಡಿ. ಉತ್ತರವಿಲ್ಲದ ಮೆಮೊ ಒಪ್ಪಿಕೊಂಡ ಹಾಗೆ ಕಾಣುತ್ತದೆ. ಹೊರಗುತ್ತಿಗೆಯವರ ಕಷ್ಟ ಇನ್ನೂ ಜಾಸ್ತಿ. ಕೆಲಸ ಹೇಳುವವರು ಒಬ್ಬರು, ಸಂಬಳ ಕೊಡುವ ಏಜೆನ್ಸಿ ಇನ್ನೊಂದು, ಇಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಇಬ್ಬರಿಗೂ ಒಂದೇ ದಿನ ಒಂದೇ ಕಾಗದ ಕೊಡಿ.

ಹೆಜ್ಜೆ 7: ಕಾನೂನು ಎಲ್ಲೆಲ್ಲಿ ಕೈ ಹಿಡಿಯುತ್ತದೆ

ಸುಮ್ನೆ ಭರವಸೆ ಕೊಡುವುದು ಬೇಡ. ಕೆಲಸದ ಜಾಗದ ಎಲ್ಲ ಬಗೆಯ ಕಿರುಕುಳಕ್ಕೂ ಅಂತ ನಮ್ಮ ದೇಶದಲ್ಲಿ ಒಂದೇ ಕಾನೂನು ಇಲ್ಲ. ಕೆಲಸದ ಜಾಗದ ಹಿಂಸೆ, ಕಿರುಕುಳದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲೇ 190ನೇ ಒಪ್ಪಂದ ತಂದಿದೆ. ಅಂಥದ್ದು ನಮ್ಮಲ್ಲೂ ಕಾನೂನಾಗಬೇಕು ಅಂತ ನನ್ನ ಆಸೆ. ಅಲ್ಲಿಯವರೆಗೆ ಇರುವ ಕಾನೂನುಗಳಲ್ಲಿ ನಿಮ್ಮದು ಯಾವುದರ ಕೆಳಗೆ ಬರುತ್ತದೆ ಅಂತ ನೋಡಬೇಕು.

ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಆಗಿದ್ದರೆ 2013ರ ಕಾಯ್ದೆ ಇದೆ, ಪಾಶ್ ಅಂತ ಕರೆಯುತ್ತಾರೆ. ಮೈ ಮುಟ್ಟಿದರೆ ಮಾತ್ರ ಅಂತಲ್ಲ. ಅಸಹ್ಯ ಮಾತು, ಚಿತ್ರ ತೋರಿಸುವುದು, ಬೇಡ ಅಂದ ಮೇಲೂ ಕಾಡುವುದು ಎಲ್ಲ ಸೇರುತ್ತದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಇಲ್ಲದಿದ್ದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ ಇದೆ. ಹತ್ತಕ್ಕಿಂತ ಕಡಿಮೆ ಜನ ಇದ್ದರೆ, ಇಲ್ಲ ಮಾಲೀಕರ ಮೇಲೆಯೇ ದೂರು ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ನಮ್ಮ ಊರಿನ ಚಿಕ್ಕ ಅಂಗಡಿ, ಕ್ಲಿನಿಕ್, ಮನೆಕೆಲಸ ಎಲ್ಲ ಇಲ್ಲಿಗೇ ಬರುತ್ತವೆ. ಘಟನೆ ಆದ ಮೂರು ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಮಿತಿ ಬಿಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವಿಚಾರಣೆ ನಡೆಯುವಾಗ ನಿಮಗೆ ಮೂರು ತಿಂಗಳವರೆಗೆ ರಜೆ ಕೊಡಿಸುವ, ಇಬ್ಬರಲ್ಲಿ ಒಬ್ಬರನ್ನು ಬೇರೆ ಕಡೆ ಹಾಕಿಸುವ ಅಧಿಕಾರ ಸಮಿತಿಗಿದೆ. ಅದನ್ನು ಬರೆದು ಕೇಳಬೇಕು. ಶಿ-ಬಾಕ್ಸ್ ಅನ್ನುವ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಎಲ್ಲಿಂದ ಶುರು ಮಾಡಬೇಕು ತಿಳಿಯದಿದ್ದರೆ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರನ್ನು ಬೇರೆ ಜಾತಿಯವರು ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾತಿ ಹಿಡಿದು ಬೈದರೆ, ಅವಮಾನ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ. ಇಲ್ಲಿ ಅಲ್ಲಿದ್ದವರ ಹೆಸರು, ಆಡಿದ ಪದ, ನಡೆದ ಜಾಗ ತುಂಬಾ ಮುಖ್ಯ. ನೋಟ್‌ಬುಕ್ ಅಂತ ನಾನು ಅಷ್ಟು ಹೇಳಿದ್ದು ಇದಕ್ಕೇ. ಹೊಡೆತ, ಬೆದರಿಕೆ ಇದ್ದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 115 ಮತ್ತು 351ನೇ ಕಲಮುಗಳಿವೆ. ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಅಂಗಡಿ, ಶೋರೂಮ್, ಫೈನಾನ್ಸ್ ಕಚೇರಿಯವರಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಸೇರಿದ ಮೂವತ್ತು ದಿನದೊಳಗೆ ನೇಮಕಾತಿ ಪತ್ರ ಕೊಡಬೇಕು. ಆರು ತಿಂಗಳು ಬಿಡದೆ ಕೆಲಸ ಮಾಡಿದವರನ್ನು ತಕ್ಕ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಸಂಬಳ ಕೊಡದೆ ತೆಗೆಯುವಂತಿಲ್ಲ. "ನಾಳೆಯಿಂದ ಬರ್ಬೇಡ" ಅನ್ನುವ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ಇದಕ್ಕೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ.

ವಕೀಲರ ಫೀಸಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ 1987ರ ಕಾಯ್ದೆಯಂತೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಹೆಜ್ಜೆ 8: ಮೈ ಮನಸ್ಸು

ಭಾನುವಾರ ಮಧ್ಯಾಹ್ನದಿಂದಲೇ ಎದೆ ಭಾರ, ಊಟ ಸೇರುವುದಿಲ್ಲ, ಮೂರು ಗಂಟೆಗೆ ಎಚ್ಚರ. ಇಷ್ಟಾದರೆ ಡಾಕ್ಟರ ಹತ್ತಿರ ಹೋಗುವ ಸಮಯ ಆಗಿದೆ. ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಮನೋರೋಗ ಅನ್ನುವ ಪದಕ್ಕೆ ಅಂಜಬೇಡಿ, ನಿದ್ದೆ ಬಾರದವರೂ ಅಲ್ಲಿಗೇ ಹೋಗುವುದು. ಹೋಗಲು ಮನಸ್ಸಿಲ್ಲದಿದ್ದರೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬದುಕೇ ಬೇಡ ಅನ್ನಿಸಿದ ಗಳಿಗೆಯಲ್ಲಿ ದೂರು, ಕಾನೂನು ಎಲ್ಲ ಪಕ್ಕಕ್ಕಿಟ್ಟು ಮೊದಲು ಆ ಕರೆ ಮಾಡಿ. ಮನೆಯವರನ್ನು ಎಬ್ಬಿಸಿ ಹತ್ತಿರ ಕೂರಿಸಿಕೊಳ್ಳಿ.

ಮನೆಯವರಿಗೆ ಒಂದು ಮಾತು. ಮಗ, ಮಗಳು, ಹೆಂಡತಿ ಬಂದು ಹೇಳಿದಾಗ "ಎಲ್ಲ ಕಡೆ ಇರೋದೇ" ಅನ್ನಬೇಡಿ. "ಏನಂದ್ರು? ಆಮೇಲೆ?" ಅಂತ ಕೇಳಿ. ನಮ್ಮಮ್ಮ ಅಷ್ಟು ಕೇಳಿದ ದಿನ ನಾನು ಎರಡು ವರ್ಷದಲ್ಲಿ ಮೊದಲ ಸಲ ಬೆಳಗಿನವರೆಗೆ ನಿದ್ದೆ ಮಾಡಿದೆ.

ಹೆಜ್ಜೆ 9: ಬಿಡುವುದಾದರೆ ಲೆಕ್ಕ ಹಾಕಿ ಬಿಡಿ

ಎಲ್ಲ ಮಾಡಿಯೂ ಸರಿ ಹೋಗದ ಜಾಗಗಳಿವೆ. ಅಲ್ಲಿಂದ ಹೊರಡುವುದು ಸೋಲು ಅಂತ ನಾನು ಒಪ್ಪುವುದಿಲ್ಲ. ಆದರೆ ಸಿಟ್ಟಿನಲ್ಲಿ, ಮಧ್ಯಾಹ್ನ ಬೈಸಿಕೊಂಡು ಸಂಜೆ ರಾಜೀನಾಮೆ ಬರೆಯಬೇಡಿ. "ಸಹಿ ಹಾಕು" ಅಂತ ಅವರೇ ಕಾಗದ ಮುಂದೆ ಹಿಡಿದರೆ ಹಾಕಬೇಡಿ. "ಮನೆಯಲ್ಲಿ ಓದಿ ನಾಳೆ ತರ್ತೀನಿ" ಅನ್ನಿ. ಖಾಲಿ ಹಾಳೆ, ಖಾಲಿ ಚೆಕ್‌ಗಂತೂ ಯಾವತ್ತೂ ಸಹಿ ಬೇಡ.

ಮೂರು ತಿಂಗಳ ಮನೆಖರ್ಚು ಕೈಯಲ್ಲಿದೆಯಾ ನೋಡಿ. ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಕಡೆ ಕಾಯಂ ನೌಕರರು ಐದು ವರ್ಷ ಮುಗಿಸಿದರೆ ಬಿಡುವಾಗ ಗ್ರಾಚ್ಯುಟಿ ಅಂತ ಒಟ್ಟಿಗೆ ಒಂದು ಹಣ ಸಿಗುತ್ತದೆ, ವರ್ಷಕ್ಕೆ ಹದಿನೈದು ದಿನದ ಸಂಬಳದ ಲೆಕ್ಕ. ನಾಲ್ಕೂವರೆ ವರ್ಷ ಆಗಿದ್ದರೆ ಇನ್ನಾರು ತಿಂಗಳು ತಡೆಯಲು ಆಗುತ್ತಾ ಅಂತ ಯೋಚಿಸಿ. ಆರೋಗ್ಯ ಕೆಡುತ್ತಿದ್ದರೆ ಆ ದುಡ್ಡು ಬೇಡ, ಬಿಟ್ಟುಬಿಡಿ. ಬಿಡುವ ಮೊದಲು ಸಂಬಳದ ಚೀಟಿಗಳು, ಪಿಎಫ್ ಖಾತೆಯ ಯುಎಎನ್ ನಂಬರ್, ನೇಮಕಾತಿ ಪತ್ರ ತೆಗೆದಿಟ್ಟುಕೊಳ್ಳಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯಂತೆ, ಕೆಲಸ ಬಿಟ್ಟವರಿಗೆ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು.

ಖಾಸಗಿ ಶಾಲೆ, ನರ್ಸಿಂಗ್ ಹೋಮ್, ಫೈನಾನ್ಸ್‌ಗಳಲ್ಲಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವ ಕೆಟ್ಟ ಅಭ್ಯಾಸ ಇದೆ. ಜನ ವರ್ಷಗಟ್ಟಲೆ ಕಾಟ ಸಹಿಸುವುದು ಎಷ್ಟೋ ಸಲ ಆ ಒಂದು ಕಾರ್ಡಿಗಾಗಿ. ರಾಜೀನಾಮೆ ವಿಷಯ ಎತ್ತುವ ಮೊದಲೇ, "ಬ್ಯಾಂಕ್ ಸಾಲಕ್ಕೆ ಬೇಕು", "ತಂಗಿಯ ಸ್ಕಾಲರ್‌ಶಿಪ್‌ಗೆ ಕೇಳಿದ್ದಾರೆ" ಅಂತ ಸುಳ್ಳು ಹೇಳುವ ಬದಲು ನೇರವಾಗಿ "ನನ್ನ ಒರಿಜಿನಲ್ ನನಗೆ ಬೇಕು" ಅಂತ ಬರೆದು ಕೇಳಿ. ಕೊಡದಿದ್ದರೆ ಆ ಕಾಗದ ಹಿಡಿದು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ವಕೀಲರ ಒಂದು ನೋಟಿಸ್‌ಗೆ ಕಪಾಟು ತೆರೆದಿದ್ದನ್ನು ನಾನು ನೋಡಿದ್ದೇನೆ. ಹೊಸ ಕೆಲಸಕ್ಕೆ ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ.

ಇನ್ನು ಹಳೇ ಮಾಲೀಕರಿಗೆ ಹೊಸ ಮಾಲೀಕರು ಫೋನ್ ಮಾಡುವ ಭಯ. ನಮ್ಮ ಊರಲ್ಲಿ ಮಾಡೇ ಮಾಡುತ್ತಾರೆ. ಅದಕ್ಕೆ ಮೊದಲೇ ನೀವೇ ಹೇಳಿಬಿಡಿ, ದೂರಿನ ಕತೆ ಬೇಡ, ಒಂದು ಸಾಲು ಸಾಕು. "ಅಲ್ಲಿ ಮ್ಯಾನೇಜರ್ ಜೊತೆ ಹೊಂದಾಣಿಕೆ ಆಗಲಿಲ್ಲ. ನನ್ನ ಲೆಕ್ಕದ ಕೆಲಸದ ಬಗ್ಗೆ ಆಡಿಟರ್ ಹತ್ತಿರ ಕೇಳಬಹುದು." ನನಗೆ ಆಗ ಕೆಲಸ ಕೊಟ್ಟವರು ಇಬ್ಬರಿಗೂ ಫೋನ್ ಮಾಡಿದ್ದರು. ಮ್ಯಾನೇಜರ್ "ಬಾಯಿ ಜಾಸ್ತಿ" ಅಂದರಂತೆ. ಆಡಿಟರ್ "ಪುಸ್ತಕ ಶುದ್ಧ" ಅಂದರಂತೆ. ಸೋಮವಾರದಿಂದ ಬನ್ನಿ ಅಂದರು. ಮೊದಲ ದಿನವೇ ನೇಮಕಾತಿ ಪತ್ರ ಕೇಳಿ ತೆಗೆದುಕೊಂಡೆ.